ನ್ಯೂಟ್ರಲ್‌ನಲ್ಲಿ ಬಿಡಿ ಅಂದಿದ್ದಳು ಪಾಪಮ್ಮ

ಓದಿದ ಮೇಲೆ ಯಾರನ್ನಾದರೂ ಬೈಯಬೇಕು ಅನ್ನಿಸಿದರೆ ನನ್ನನ್ನೇ ಬೈಯಿರಿ...

ಹೆಂಡತಿಯ ಕುತ್ತಿಗೆಯಲ್ಲಿ ಒಂದು ಗಂಟು. ಹಾವೇರಿಯ ಡಾಕ್ಟರು ಬೆಂಗಳೂರಿಗೆ ಬರೆದುಕೊಟ್ಟರು. ನಸುಕಿನಲ್ಲೇ ಕಾರು ಬಿಟ್ಟೆವು.

ಆಸ್ಪತ್ರೆಯ ಪಾರ್ಕಿಂಗ್ ಫುಲ್. ಪಕ್ಕದ ಬಿಲ್ಡಿಂಗ್‌ನಲ್ಲಿ ಗಂಟೆಗೆ ಅರವತ್ತು ರೂಪಾಯಿ!

"ಇದು ಕಾರು ನಿಲ್ಲಿಸೂ ರೇಟೋ, ಮಾರೂ ರೇಟೋ?" ಅಂತ ಅಲ್ಲಿ ಚೀಟಿ ಹರಿಯುತ್ತಿದ್ದವನ ಮೇಲೆ ಹರಿಹಾಯ್ದು ಹಿಂದಿನ ಗಲ್ಲಿಗೆ ತಿರುಗಿಸಿದೆ.

ಅಲ್ಲಿ ಇಸ್ತ್ರಿ ಗಾಡಿಯ ಹತ್ತಿರ ನಿಂತಿದ್ದ ಹೆಂಗಸು ಕೈ ಬೀಸಿದಳು. ಹೆಸರು ಪಾಪಮ್ಮ.

"ಇಲ್ಲಿ ಹಾಕಿ ಅಣ್ಣ, ನಮ್ಮನೆ ಜಾಗಾನೇ. ಸಂಜೆವರೆಗೂ ಇಪ್ಪತ್ತು ರೂಪಾಯಿ."

ಇಡೀ ದಿನಕ್ಕೆ ಇಪ್ಪತ್ತು? ನನ್ನ ತಲೆಯಲ್ಲಿ ಗಂಟೆ ಬಾರಿಸಿದಂತಾಯಿತು... ಇಷ್ಟು ಅಗ್ಗ ಅಂದರೆ ಏನೋ ಇದೆ.

ಗೋಡೆಗೆ ಒತ್ತಿ ಒಂದು ಬಿಳಿ ವ್ಯಾನ್ ನಿಂತಿತ್ತು. ಅದರ ಮುಂದೆ ನನ್ನ ಕಾರು ನಿಲ್ಲಿಸಿದೆ.

"ಹ್ಯಾಂಡ್‌ಬ್ರೇಕ್ ಹಾಕಬೇಡಿ, ನ್ಯೂಟ್ರಲ್‌ನಲ್ಲಿ ಬಿಡಿ. ಹಿಂದಿನವರು ಹೋಗಬೇಕಾದ್ರೆ ನಿಮ್ಮ ಗಾಡಿ ತಳ್ಳಿ ದಾರಿ ಮಾಡ್ತೀವಿ. ನಿಮ್ಮ ನಂಬರೂ ಹೇಳಿ."

ಸಿಕ್ಕಿಬಿದ್ದಳು ನೋಡಿ ಅಂದುಕೊಂಡೆ. ತಳ್ಳಿಕೊಂಡೇ ಹೋಗಿಬಿಟ್ಟರೆ?

"ಆಯ್ತವಾ" ಅಂದು ಹ್ಯಾಂಡ್‌ಬ್ರೇಕ್ ಗಟ್ಟಿಯಾಗಿ ಎಳೆದೆ. ಗೇರಿನಲ್ಲೂ ಇಟ್ಟೆ. ಫೋನ್ ನಂಬರಿನ ಕೊನೆಯ ಅಂಕಿ ಒಂದು ಅನ್ನುವ ಬದಲು ಏಳು ಅಂದೆ. ಅವಳು ಇಸ್ತ್ರಿ ಗಾಡಿಯ ಹಲಗೆ ಮೇಲೆ ಸೀಮೆಸುಣ್ಣದಿಂದ ಬರೆದುಕೊಂಡಳು. ಕಾರಿನಿಂದ ಇಳಿದ ಹೆಂಡತಿಯನ್ನು ವಿಚಾರಿಸಿ, ಗಂಟಿನ ಟೆಸ್ಟಿಗೆ ಬಂದದ್ದನ್ನೂ ತಿಳಿದುಕೊಂಡಳು.

ಹೋಗುವ ಮುಂಚೆ ಅವಳದೊಂದು ಫೋಟೋನೂ ಹೊಡೆದೆ... ಪೊಲೀಸರಿಗೆ ಬೇಕಾದೀತು ಅಂತ!

ಆಸ್ಪತ್ರೆಯಲ್ಲಿ ಕುಂತಲ್ಲಿ ಕೂರಲಾಗಲಿಲ್ಲ. ಹೆಂಡತಿ ಸಿಡುಕಿದಳು: "ಗಂಟು ಇರೂದು ನನ್ನ ಕುತ್ತಿಗ್ಯಾಗ. ನೀವು ಕಾರಿನ ಚಿಂತಿ ಮಾಡಕತ್ತೀರಿ!"

ಮೂರು ಗಂಟೆಗೆ ರಿಪೋರ್ಟ್ ಬಂತು. ಹೆಂಡತಿಯನ್ನು ಅಲ್ಲೇ ಕೂರಿಸಿ ಗಲ್ಲಿಗೆ ಓಡಿದೆ.

ಕಾರು ಬಿಟ್ಟ ಜಾಗದಲ್ಲಿ ಇರಲಿಲ್ಲ! ನಾಲ್ಕು ಅಡಿ ಆಚೆ ಅಡ್ಡಡ್ಡ ನಿಂತಿತ್ತು. ವ್ಯಾನ್ ಮಾಯ.

"ನನ್ನ ಕಾರು ಮುಟ್ಟಿದವರು ಯಾರು?" ಅಂತ ಕೂಗಾಡಿದೆ.

ಎದುರಿನ ಟೀ ಅಂಗಡಿಯವನು ನನಗಿಂತ ಜೋರಾಗಿ ಕೂಗಿದ. "ನೀನೇನಯ್ಯ ಅದರ ಓನರ್? ವ್ಯಾನಿನವನ ಮಗಳು ಆಪರೇಷನ್ ಟೇಬಲ್ ಮೇಲಿದ್ಲು. ಬ್ಲಡ್ ತರೋಕೆ ಓಡಿಬಂದ ಅವನು. ನಿನ್ನ ಗಾಡಿ ಅಲ್ಲಾಡಲಿಲ್ಲ, ನಿನ್ನ ನಂಬರಿಗೆ ಮಾಡಿದ ಫೋನು ಇನ್ಯಾರಿಗೋ ಹೋಯ್ತು. ಆಟೋ ಒಂದೂ ನಿಲ್ಲಲಿಲ್ಲ. ಎಂಟು ಜನ ಸೇರಿ ಕಾರನ್ನ ಎತ್ತಿ ಇಡೋ ಹೊತ್ತಿಗೆ ಮುಕ್ಕಾಲು ಗಂಟೆ!"

ನಾನು ಅವನ ತೋಳು ಹಿಡಿದುಕೊಂಡೆ. "ಮಗು...?"

"ಈಗಷ್ಟೇ ಫೋನ್ ಬಂತು. ಬ್ಲಡ್ ಸೇರ್ತಂತೆ. ಉಳ್ಕೊಂಡ್ಲು."

ಪಾಪಮ್ಮ ಬಿಸಿಲಿನಲ್ಲಿ ಬೆವರುತ್ತಾ ಆಸ್ಪತ್ರೆ ಕಡೆಯಿಂದ ಬಂದಳು. ನನ್ನನ್ನು ಹುಡುಕಲು ಎರಡು ಸಲ ಹೋಗಿದ್ದಳಂತೆ. ಗೇಟಿನವನು ಒಳಗೆ ಬಿಟ್ಟಿರಲಿಲ್ಲ.

"ಗ್ಲಾಸ್ ಒಡೆದು ಬ್ರೇಕ್ ಇಳಿಸೋಣ ಅಂದ್ರು ಅಣ್ಣ. ನಾನೇ ಬೇಡ ಅಂದೆ. ಕಾಯಿಲೆ ಟೆನ್ಷನ್‌ನಲ್ಲಿ ಮರೆತಿರ್ತಾರೆ, ಬೇಕೂ ಅಂತ ಯಾರು ಮಾಡ್ತಾರೆ ಅಂದೆ."

ಆಮೇಲೆ ತಲೆ ತಗ್ಗಿಸಿದಳು...

"ತಪ್ಪು ನಂದೇ. ಓದು ಕಡಿಮೆ ನೋಡಿ, ನಿಮ್ಮ ನಂಬರ್ ತಪ್ಪು ಬರ್ಕೊಂಡಿದೀನಿ."

ಹಲಗೆ ನೋಡಿದೆ. ನಾನು ಹೇಳಿದ್ದ ಹತ್ತೂ ಅಂಕಿ, ಒಂದೂ ತಪ್ಪಿಲ್ಲದೆ... ಕೊನೆಯಲ್ಲಿ ದೊಡ್ಡದಾಗಿ ಏಳು.

ಕಣ್ಣು ತುಂಬಿ ಬಂತು. "ನೀ ಸರಿಯಾಗೇ ಬರದೀಯವಾ. ನಾನೇ ಸುಳ್ಳು ಹೇಳಿದ್ದೆ. ಬ್ರೇಕೂ ಮರೆತಿದ್ದಲ್ಲ. ನಿನ್ನ ನಂಬಲಿಲ್ಲ ನಾನು."

ಪಾಪಮ್ಮ ನನ್ನ ಮುಖವನ್ನೇ ನೋಡಿದಳು. ಬೈಯಲಿಲ್ಲ. ಹೋಗಲಿ ಬಿಡಿ ಅಂತಲೂ ಅನ್ನಲಿಲ್ಲ.

ಕೇಳಿದ್ದು ಇಷ್ಟೇ: "ಅಕ್ಕನ ರಿಪೋರ್ಟ್ ಏನ್ ಬಂತು?"

"ಏನೂ ಇಲ್ವಂತವಾ..." ಅಂದೆ.

ಸೀಮೆಸುಣ್ಣ ತೆಗೆದುಕೊಂಡು ಏಳನ್ನು ಒರೆಸಿ ಒಂದು ಬರೆದೆ. ಮುಂದಿನ ತಿಂಗಳು ಚೆಕಪ್‌ಗೆ ಹೋದಾಗ ನ್ಯೂಟ್ರಲ್‌ನಲ್ಲಿ ಬಿಟ್ಟೆ. ಕೇಳದಿದ್ದರೂ ಕೀಯನ್ನು ಅವಳ ಕೈಗೇ ಕೊಟ್ಟೆ.

*ನನ್ನ ಅನುಮಾನ ನನ್ನ ಕಾರನ್ನು ಕಾಯಲಿಲ್ಲ... ಇನ್ನೊಬ್ಬರ ದಾರಿಯನ್ನು ಕಟ್ಟಿತು.*

ನೀವು ಯಾರ ದಾರಿಗೆ ಅಡ್ಡ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು ಬಂದಿದ್ದೀರಿ...?