ಹಸಿರು ಗುಂಡಿ

"ಇನ್ನೇನು ನಮ್ಮ ಕ್ಲೇಟನ್ ಹಸಿರು ಗುಂಡಿ ಒತ್ತುತ್ತಾನೆ, ನೋಡ್ತಿರು. ಭಾನುವಾರ ಚರ್ಚಿನಲ್ಲೇ ಮಾತು ಕೊಟ್ಟಿದಾನೆ," ಎಂದು ಮೇಲಿನ ಗ್ಯಾಲರಿಯಲ್ಲಿ ಕೂತಿದ್ದ ವರ್ಲೀನ್ ತಂಗಿಯ ಕೈ ಹಿಡಿದಳು. ಕೆಳಗೆ ಶಾಸನಸಭೆಯಲ್ಲಿ, ಕಾರ್ಖಾನೆಗಳು ನದಿಗೆ ವಿಷ ಬಿಡುವುದನ್ನು ತಡೆಯುವ ಮಸೂದೆ ಮತಕ್ಕೆ ಬಂದಿತ್ತು; ಹಸಿರು ಗುಂಡಿ ಒತ್ತಿದರೆ ಪರ, ಕೆಂಪು ಒತ್ತಿದರೆ ವಿರೋಧ. ಆ ನದಿಯ ನೀರು ಕುಡಿದೇ ಅವಳ ಗಂಡ ಸತ್ತಿದ್ದ. ಚುನಾವಣೆಯಲ್ಲಿ ಕ್ಲೇಟನ್‌ನನ್ನು ಗೆಲ್ಲಿಸಲು ಅವಳು ಕೊರೆವ ಚಳಿಯಲ್ಲಿ ಮನೆಮನೆ ಅಲೆದಿದ್ದಳು.

ಕ್ಲೇಟನ್ ಗುಂಡಿಯ ಬಳಿ ಬೆರಳು ತಂದವನು ತಲೆಯೆತ್ತಿ ಪ್ರೇಕ್ಷಕರ ಗ್ಯಾಲರಿಯತ್ತ ನೋಡಿದ.

"ನನ್ನನ್ನೇ ಹುಡುಕ್ತಿದಾನೆ ಕಣೆ!" ವರ್ಲೀನ್ ಎದ್ದು ನಿಂತು ಕೈ ಬೀಸಿದಳು. ಅವನು ನಗಲಿಲ್ಲ. ಅವನ ನೋಟ ಅವಳ ಭುಜದಾಚೆ ನಿಂತಿತ್ತು.

ತಂಗಿ ಹಿಂದಕ್ಕೆ ತಿರುಗಿ ನೋಡಿದಳು. "ಅಕ್ಕಾ, ಕೈ ಇಳಿಸು," ಎಂದಳು ಮೆಲ್ಲಗೆ.

ಹಿಂದಿನ ಸಾಲಿನಲ್ಲಿ ಕಾರ್ಖಾನೆಯ ಒಡೆಯ ಹೋಲ್ಕಂಬ್ ಕೂತಿದ್ದ. ಬೇಡವೆಂಬಂತೆ ಅವನು ಒಂದೇ ಒಂದು ಸಲ ತಲೆಯಾಡಿಸಿದ. ಕೆಳಗೆ ಕ್ಲೇಟನ್ ಕೆಂಪು ಗುಂಡಿ ಒತ್ತಿದ.