ಸಚಿವರು ಬರುವ ಭಾನುವಾರ

ಸರ್ಕಲ್ಲಿನ ಗುಂಡಿಗೆ ಸೈಕಲ್ ಸಮೇತ ಬಿದ್ದು ನಮ್ಮ ಟೀಚರಮ್ಮನ ಕೈ ಮುರಿಯಿತು. ಆಮೇಲೆ ಸುರಕ್ಷಿತ ರಸ್ತೆ ಬೇಕೆಂದು ನಾವು ಹನ್ನೊಂದು ಭಾನುವಾರ ಗುಂಪಾಗಿ ಸೈಕಲ್ ತುಳಿದೆವು. ಪ್ರತಿ ಸಲವೂ ರಸ್ತೆ ನೋಡಿಕೊಳ್ಳುವ ಎಂಜಿನಿಯರಿಗೆ ಮನವಿ ಕೊಟ್ಟೆವು.

“ಒಳ್ಳೆ ವ್ಯಾಯಾಮ ಕಣಮ್ಮ, ಬಿಡಬೇಡಿ” ಎಂದರು ಅವರು.

ಅಷ್ಟರಲ್ಲಿ ಮಂತ್ರಿಮಂಡಲ ಬದಲಾಯಿತು. ಹೊಸಬರ ಮುಖ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಗುರುವಾರ ಗುಂಡಿಯ ಪಕ್ಕದಲ್ಲೇ ಒಂದು ಫ್ಲೆಕ್ಸ್ ಕಾಣಿಸಿತು: ‘ಭಾನುವಾರ ನಮ್ಮೊಡನೆ ಸೈಕಲ್ ತುಳಿಯಲಿರುವ ಮಾನ್ಯ ಸಚಿವರಿಗೆ ಸುಸ್ವಾಗತ.’ ಕೆಳಗೆ ಬಿಳಿ ಅಂಗಿ, ದಪ್ಪ ಮೀಸೆ, ಮುಗಿದ ಕೈ.

ಶನಿವಾರದೊಳಗೆ ಗುಂಡಿ ಮುಚ್ಚಿ ಡಾಂಬರು ಬಿತ್ತು. ಯಾರೂ ಕೇಳದ ಜೀಬ್ರಾ ಪಟ್ಟೆಯೂ ಬಂತು.

ಭಾನುವಾರ ಬೆಳಿಗ್ಗೆ ಎಂಜಿನಿಯರು ಏಲಕ್ಕಿ ಹಾರ ಹಿಡಿದು ನನ್ನ ಹತ್ತಿರ ಬಂದರು.

“ನೀನು ಫ್ಲೆಕ್ಸ್ ಅಂಗಡಿ ಹುಡುಗಿ ಅಲ್ವಾ? ಇದು ನಿಮ್ಮಲ್ಲೇ ಪ್ರಿಂಟ್ ಆಗಿದ್ದು ತಾನೇ? ಸಾಹೇಬ್ರು ಎಷ್ಟೊತ್ತಿಗೆ ಬರ್ತಾರಮ್ಮ?”

“ಆಗಲೇ ಬಂದಿದ್ದಾರೆ ಸಾರ್” ಎಂದು ಮೆಲ್ಲಗೆ ಹೇಳಿ, ಎದುರಿನ ಪಂಕ್ಚರ್ ಅಂಗಡಿಯತ್ತ ಕೈ ತೋರಿಸಿದೆ.

ಫ್ಲೆಕ್ಸಿನಲ್ಲಿದ್ದ ಅದೇ ದಪ್ಪ ಮೀಸೆ, ಗ್ರೀಸ್ ಮೆತ್ತಿದ ಬನಿಯನ್ನಿನಲ್ಲಿ, ಪಂಪ್ ಹಿಡಿದು ಹೊರಬಂದು ಕೇಳಿತು: “ಗಾಳಿ ಹೊಡೀಬೇಕಾ ಸಾರ್?”