ಧಾರೆ ಸೀರೆಯ ಅಂಚು

ಇಸ್ತ್ರಿ ಹೆಚ್ಚು ಕಾದು ರೇಷ್ಮೆ ಕಮರಿದ ವಾಸನೆ ಬಂದರೆ, ಟ್ರಿಪ್ಲಿಕೇನಿನ ನಮ್ಮ ಮನೆಯ ಜಗುಲಿಯಲ್ಲಿ ಕಳೆದ ಒಂದು ಮಧ್ಯಾಹ್ನ ಇಂದಿಗೂ ಕಣ್ಣೆದುರು ನಿಲ್ಲುತ್ತದೆ.

ಅಕ್ಕನಿಗೆ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಫೀಸು ಕಟ್ಟಲು ಮರುದಿನವೇ ಕೊನೆ. ಅಮ್ಮ ತನ್ನ ಧಾರೆ ಸೀರೆಯನ್ನು ಪೆಟ್ಟಿಗೆಯಿಂದ ತೆಗೆದು, ಹಳೇ ಜರಿ ಕೊಳ್ಳುವವನನ್ನು ಕರೆಸಿದ್ದಳು. ಜರಿ ಸುಟ್ಟು ಬೆಳ್ಳಿ ತೆಗೆಯುವುದು ಅವನ ಕಸುಬು.

"ಧಾರೆ ಸೀರೆಗೆ ಬೆಂಕಿ ತೋರಿಸಬಾರದು ಕಣೇ," ಎಂದಳು ಅಜ್ಜಿ, ಬಾಗಿಲಲ್ಲೇ ನಿಂತು. ಮದುವೆಯಲ್ಲಿ ಸೊಸೆಗೆ ಅದನ್ನು ಕೊಟ್ಟವಳು ಅವಳೇ. ಕಾಂಚೀಪುರದಲ್ಲಿ ಹೇಳಿ ನೇಯಿಸಿದ್ದು ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು.

"ಇವಳ ಓದಿಗಿಂತ ಸೀರೆ ಹೆಚ್ಚೇ, ಅತ್ತೆ?"

"ಓದು ಬೇಡ ಅಂತ ನಾನೆಲ್ಲಿ ಹೇಳಿದೆ? ಅದೊಂದು ಬೇಡ."

ಜರಿಯವನು ಅಂಚಿನ ಮೂಲೆಯಿಂದ ಒಂದು ಚೂರು ಕತ್ತರಿಸಿ ಕಡ್ಡಿ ಗೀರಿದ. ಕೂದಲು ಸುಟ್ಟಂಥ ವಾಸನೆ ಎದ್ದಿತು. ಅಕ್ಕ ಉಗುರು ನಾಟುವಂತೆ ನನ್ನ ಕೈ ಹಿಡಿದಿದ್ದಳು. ರೇಷ್ಮೆ ಉರಿದುಹೋದ ಮೇಲೆ ಉಳಿದ ಎಳೆ ಬೆಳ್ಳಗೆ ಹೊಳೆಯಬೇಕಿತ್ತು, ಕಪ್ಪಗೆ ಮುದುಡಿಕೊಂಡಿತು.

"ಅಸಲ್ ಜರಿಗೈ ಇಲ್ಲಮ್ಮಾ," ಅಸಲಿ ಜರಿಯಲ್ಲ ಎಂದು ತಮಿಳಿನಲ್ಲೇ ಹೇಳಿ ಅವನು ಸೀರೆಯನ್ನು ಹಿಂದಕ್ಕೆ ಸರಿಸಿದ.

ಅಮ್ಮ ಅಜ್ಜಿಯ ಕಡೆ ತಿರುಗಲಿಲ್ಲ. ಅಜ್ಜಿ ಒಳಗೆ ಹೋಗಿ ತನ್ನ ಮದುವೆಯ ಸೀರೆಯನ್ನು ತಂದು ಅವನ ಮುಂದಿಟ್ಟಳು. "ಇದನ್ನ ಸುಡಪ್ಪಾ. ಇದು ನಮ್ಮಪ್ಪ ಕೊಟ್ಟದ್ದು."

ಅಕ್ಕ ಕಾಲೇಜು ಸೇರಿದಳು. ಆ ಸಲದ ಗೌರಿ ಹಬ್ಬಕ್ಕೆ ಅಮ್ಮ ಅದೇ ಧಾರೆ ಸೀರೆ ಉಟ್ಟಳು, ಕತ್ತರಿಸಿದ ಮೂಲೆಯನ್ನು ಒಳಗೆ ಮಡಚಿ. ಪಕ್ಕದ ಮನೆಯವರು ಸೆರಗು ಮುಟ್ಟಿ ನೋಡಿದಾಗ ಅಜ್ಜಿ ತಲೆ ತಗ್ಗಿಸಿ ಹೂ ಕಟ್ಟುತ್ತಿದ್ದಳು. ಅಮ್ಮನೇ ಹೇಳಿದಳು: "ನಮ್ಮತ್ತೆ ಕಾಂಚೀಪುರದಲ್ಲಿ ಹೇಳಿ ನೇಯಿಸಿದ್ದು."